ಹಳ್ಳಿಯ ಜನರಿಗಾಗಿ ಬರೆದ ವೈದ್ಯಪಂಡಿತರು: ತಿಸ್ಸೋ ಎಂಬವರ ಚರಿತ್ರೆ

ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೆ ಬಾಗಿಲನ್ನೂ ಕಿಟಕಿಯನ್ನೂ ಮುಚ್ಚಿ, ರೋಗಿಯ ಮೇಲೆ ಇದ್ದಬದ್ದ ಕಂಬಳಿಗಳನ್ನೆಲ್ಲಾ ಹೊದಿಸಿ, ಅವನು ಬಾಯಾರಿ ನೀರು ಬೇಡಿದರೂ ಕೊಡದೆ, ಬೆವರು ಹರಿದರೆ ಜ್ವರ ಇಳಿಯುವದೆಂದು ಕಾದು ಕುಳಿತುಕೊಳ್ಳುವ ವಾಡಿಕೆಯನ್ನು ನಮ್ಮ ಓದುಗರಲ್ಲಿ ಅನೇಕರು ತಮ್ಮ ಹಿರಿಯರ ಮನೆಗಳಲ್ಲಿ ಕಂಡಿರುವರು. ಈ ವಾಡಿಕೆಯು ನಮ್ಮ ಸೀಮೆಗೆ ಮಾತ್ರ ಸೇರಿದ್ದೆಂದು ನೆನಸುವದು ತಪ್ಪು. ಸುಮಾರು ೨೬೦ ವರುಷಗಳ ಹಿಂದೆ ಯುರೋಪು ಖಂಡದ ಸ್ವಿಟ್ಜರ್ಲೆಂಡ್ ದೇಶದ ಒಕ್ಕಲಿಗರೂ ಹೀಗೆಯೇ ಮಾಡುತ್ತಿದ್ದರು. ಅದರಿಂದ ಬದುಕಬಹುದಾಗಿದ್ದ ಎಷ್ಟೋ ಮಂದಿ ಸತ್ತುಹೋಗುತ್ತಿದ್ದರು. ಇದನ್ನು ಕಂಡು ಮನಮರುಗಿ, ವಿದ್ಯಾಪೀಠದಲ್ಲಿ ಕಲಿತ ವೈದ್ಯಶಾಸ್ತ್ರವನ್ನು ಹೊಲದಲ್ಲಿ ದುಡಿಯುವವನ ಗುಡಿಸಲಿಗೆ ಮುಟ್ಟಿಸಬೇಕೆಂದು ಪ್ರಯಾಸಪಟ್ಟ ಒಬ್ಬ ಪಂಡಿತರ ಚರಿತ್ರೆಯನ್ನು ಈ ತಿಂಗಳು ಓದುಗರ ಮುಂದೆ ಇಡುತ್ತೇವೆ. ಅವರ ಹೆಸರು ಸ್ಯಾಮ್ಯುವೆಲ್ ಒಗ್ಯುಸ್ತ್ ತಿಸ್ಸೋ. ಈ ಹೆಸರು ಈಗ ನಮ್ಮಲ್ಲಿ ಹೆಚ್ಚಾಗಿ ಕೇಳಿಬರುವದಿಲ್ಲ. ಆದರೆ ಅವರ ಕಾಲದಲ್ಲಿ ಯುರೋಪಿನ ಅರಮನೆಗಳಲ್ಲಿಯೂ ಹಳ್ಳಿಯ ಪಾದ್ರಿಗಳ ಮನೆಗಳಲ್ಲಿಯೂ ಅದು ಚೆನ್ನಾಗಿ ತಿಳಿದಿದ್ದ ಹೆಸರಾಗಿತ್ತು.

ಬಾಲ್ಯವೂ ವಿದ್ಯಾಭ್ಯಾಸವೂ

ತಿಸ್ಸೋರವರು ೧೭೨೮ನೇ ಇಸವಿಯ ಮಾರ್ಚ್ ತಿಂಗಳಲ್ಲಿ ವೋ ಎಂಬ ಸೀಮೆಯ ಗ್ರಾಂಸಿ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಆ ಸೀಮೆಯವರು ಫ್ರೆಂಚ್ ಭಾಷೆಯನ್ನಾಡುವವರು. ೧೫೩೬ರಲ್ಲಿ ಬೆರ್ನ್ ಪಟ್ಟಣದವರು ಅದನ್ನು ಗೆದ್ದುಕೊಂಡರು. ಅಂದಿನಿಂದ ಮತಸುಧಾರಣೆಯು ಅಲ್ಲಿ ನೆಲೆಗೊಂಡಿತು. ತಿಸ್ಸೋರವರ ತಂದೆಯು ಭೂಮಿಯ ಮೋಜಣಿ ಮಾಡುವ ಉದ್ಯೋಗದವರು. ಹುಡುಗನು ಚಿಕ್ಕವನಿರುವಾಗಲೇ ಹತ್ತಿರದ ಬಂಧುವಾದ ಒಬ್ಬ ಸಭಾಪಾಲಕರ ಮನೆಯಲ್ಲಿ ಬೆಳೆದನು. ಹಳ್ಳಿಯ ಸಭಾಪಾಲಕರ ಮನೆಯೆಂದರೆ ಊರಿನ ಕಷ್ಟಗಳೆಲ್ಲಾ ಬಂದು ಸೇರುವ ಸ್ಥಳವಷ್ಟೆ. ಯಾರ ಮನೆಯಲ್ಲಿ ಜ್ವರ, ಯಾರ ಮನೆಯಲ್ಲಿ ಹೆರಿಗೆ, ಯಾರ ಮನೆಯಲ್ಲಿ ಮರಣ ಎಂಬದು ಮೊದಲು ಅಲ್ಲಿಗೆ ತಿಳಿಯುತ್ತದೆ. ಮುಂದೆ ಆ ಹುಡುಗನು ಪಂಡಿತನಾಗಿ ತನ್ನ ಗ್ರಂಥವನ್ನು ಯಾರ ಕೈಯಲ್ಲಿ ಕೊಡಬೇಕೆಂದು ಯೋಚಿಸಿದಾಗ ಸಭಾಪಾಲಕರನ್ನೇ ಮೊದಲು ನೆನಸಿದ್ದು ಆಶ್ಚರ್ಯವಲ್ಲ.

೧೭೪೧ರಲ್ಲಿ, ಅಂದರೆ ಹದಿಮೂರನೆಯ ವಯಸ್ಸಿನಲ್ಲಿ, ಅವರನ್ನು ಜಿನೀವಾ ಪಟ್ಟಣದ ವಿದ್ಯಾಶಾಲೆಗೆ ಕಳುಹಿಸಿದರು. ಅಲ್ಲಿ ನಾಲ್ಕು ವರುಷ ಓದಿದ ಮೇಲೆ ದಕ್ಷಿಣ ಫ್ರಾನ್ಸಿನ ಮೊಂಪೆಲಿಯೆ ಎಂಬ ಊರಿಗೆ ವೈದ್ಯಶಾಸ್ತ್ರವನ್ನು ಕಲಿಯುವದಕ್ಕೆ ಹೋದರು. ಆ ಊರಿನ ವೈದ್ಯವಿದ್ಯಾಲಯವು ಯುರೋಪಿನಲ್ಲಿಯೇ ಬಹು ಪುರಾತನವಾದವುಗಳಲ್ಲೊಂದು. ೧೭೪೯ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವರು ಡಾಕ್ಟರ್ ಪದವಿಯನ್ನು ಹೊಂದಿದರು. ಆ ಕಾಲದಲ್ಲಿ ಪಂಡಿತರ ಗ್ರಂಥಗಳು ಬಹುಮಟ್ಟಿಗೆ ಲತೀನ್ ಭಾಷೆಯಲ್ಲಿಯೇ ಇರುತ್ತಿದ್ದವು. ಶಾಸ್ತ್ರವನ್ನು ಬಲ್ಲವರು ತಮ್ಮತಮ್ಮೊಳಗೆ ಬರೆದುಕೊಂಡು, ತಮ್ಮತಮ್ಮೊಳಗೆ ಓದಿಕೊಳ್ಳುತ್ತಿದ್ದರು. ರೋಗದಿಂದ ನರಳುವವನಿಗೆ ಅದರ ಒಂದು ಅಕ್ಷರವೂ ಮುಟ್ಟುತ್ತಿರಲಿಲ್ಲ.

ಬಡವರ ವೈದ್ಯರು

ಪದವಿಯನ್ನು ಹೊಂದಿದ ತಿಸ್ಸೋರವರು ತಮ್ಮ ಸೀಮೆಗೆ ಹಿಂದಿರುಗಿ, ಜಿನೀವಾ ಸರೋವರದ ದಡದ ಮೇಲಿರುವ ಲೋಸಾನ್ ಪಟ್ಟಣದಲ್ಲಿ ನೆಲೆಸಿದರು. ಆಗ ಅಲ್ಲಿ ಸಿಡುಬಿನ ರೋಗವು ಹರಡಿತ್ತು. ಸಿಡುಬು ಬಂದವರನ್ನು ಬೆಂಕಿಯ ಪಕ್ಕದಲ್ಲಿ ಮಲಗಿಸಿ, ಗಾಳಿ ಸೋಕದಂತೆ ಮುಚ್ಚಿ, ಬಿಸಿ ದ್ರಾಕ್ಷಾರಸವನ್ನೂ ಉಷ್ಣವಾದ ಮದ್ದುಗಳನ್ನೂ ಕುಡಿಸುವದು ಅಲ್ಲಿನ ಜನರ ಪದ್ಧತಿ. ವಿಷವು ಬೆವರಿನ ಮೂಲಕ ಹೊರಗೆ ಬರುವದೆಂದು ಅವರ ನಂಬಿಕೆ. ಸುಮಾರು ನೂರು ವರುಷಗಳ ಹಿಂದೆ ಲಂಡನಿನಲ್ಲಿದ್ದ ಸಿಡೆನ್‌ಹ್ಯಾಮ್ ಎಂಬ ವೈದ್ಯರು ಇದಕ್ಕೆ ವಿರೋಧವಾಗಿ, ರೋಗಿಗೆ ತಂಪಾದ ಶುದ್ಧಗಾಳಿಯೂ ಹಗುರವಾದ ಹೊದಿಕೆಯೂ ಕುಡಿಯುವದಕ್ಕೆ ಬೇಕಾದಷ್ಟು ನೀರೂ ಇರಬೇಕೆಂದು ಕಲಿಸಿದ್ದರು. ತಿಸ್ಸೋರವರು ಆ ಪದ್ಧತಿಯನ್ನೇ ಹಿಡಿದರು. ಅವರು ನೋಡಿದ ರೋಗಿಗಳಲ್ಲಿ ಗುಣವಾದವರನ್ನು ಕಂಡು ಜನರಿಗೆ ಈ ಎಳೆಯ ವೈದ್ಯರ ಮೇಲೆ ವಿಶ್ವಾಸ ಹುಟ್ಟಿತು. ಕೆಲವು ಕಾಲದೊಳಗೆ ಪಟ್ಟಣದ ಅಧಿಕಾರಿಗಳು ಅವರನ್ನು ಬಡವರ ವೈದ್ಯರಾಗಿ ನೇಮಿಸಿದರು. ೧೭೫೫ರಲ್ಲಿ ಅವರು ಶಾರ್ಲೊತ್ ಎಂಬ ಕನ್ಯೆಯನ್ನು ಮದುವೆಯಾದರು.

ಸಿಡುಬನ್ನು ವಾಸಿಮಾಡುವದಕ್ಕಿಂತ ಅದನ್ನು ಬಾರದಂತೆ ತಡೆಯುವದು ಮೇಲೆಂದು ಅವರು ಬೇಗನೆ ಅರಿತುಕೊಂಡರು. ಗೋಸಿಡುಬಿನ ಚುಚ್ಚುಮದ್ದು ಆಗ ಇನ್ನೂ ಕಂಡುಹಿಡಿಯಲ್ಪಟ್ಟಿರಲಿಲ್ಲ. ಹಗುರವಾಗಿ ಸಿಡುಬೆದ್ದವನ ಗುಳ್ಳೆಯಿಂದ ಸ್ವಲ್ಪ ಕೀವನ್ನು ತೆಗೆದು ಸೌಖ್ಯವಾಗಿರುವವನ ತೋಳಿನ ಗೀರಿನಲ್ಲಿ ಹಾಕುವ ಒಂದು ಉಪಾಯವು ಪೂರ್ವದೇಶಗಳಿಂದ ಯುರೋಪಿಗೆ ಬಂದಿತ್ತು. ಹೀಗೆ ಮಾಡಿದವನಿಗೆ ಸಾಮಾನ್ಯವಾಗಿ ಹಗುರವಾದ ಸಿಡುಬು ಬಂದುಹೋಗಿ, ಮುಂದೆ ಆ ರೋಗದ ಭಯವಿರುತ್ತಿರಲಿಲ್ಲ. ತಾನಾಗಿ ಸಿಡುಬು ಬಂದರೆ ಆರೇಳು ಮಂದಿಯಲ್ಲಿ ಒಬ್ಬನು ಸಾಯುತ್ತಿದ್ದನು. ಈ ಉಪಾಯದಿಂದಾದರೋ ನೂರರಲ್ಲಿ ಒಬ್ಬಿಬ್ಬರು ಮಾತ್ರ. ಆದರೂ ಜನರು ಹೆದರಿದರು. ಸೌಖ್ಯವಾಗಿರುವ ಮಗುವಿನ ಮೈಯಲ್ಲಿ ತಾವಾಗಿ ರೋಗವನ್ನು ಹಾಕುವದು ದೇವರ ಚಿತ್ತಕ್ಕೆ ವಿರೋಧವೆಂದು ಭಕ್ತರಾದ ಕೆಲವರು ಸಂದೇಹಪಟ್ಟರು. ತಿಸ್ಸೋರವರು ೧೭೫೪ರಲ್ಲಿ ಫ್ರೆಂಚ್ ಭಾಷೆಯಲ್ಲಿಯೇ ಒಂದು ಪುಸ್ತಕವನ್ನು ಬರೆದು ಆ ಉಪಾಯದ ಕ್ರಮವನ್ನು ವಿವರಿಸಿದರು, ಅದರ ಮೇಲಣ ಆಕ್ಷೇಪಣೆಗಳಿಗೆ ಉತ್ತರವನ್ನೂ ಕೊಟ್ಟರು. ಸಂದೇಹಪಡುವವರ ಸಂಗಡ ಅವರಿಗೆ ತಿಳಿಯುವ ಭಾಷೆಯಲ್ಲಿ ವಾದಿಸುವದು ಪಂಡಿತನ ಕರ್ತವ್ಯವೆಂಬದು ಅವರ ಮತವಾಗಿತ್ತೆಂದು ಈ ಮೊದಲನೆಯ ಪುಸ್ತಕದಿಂದಲೇ ಕಾಣುತ್ತದೆ.

ಜನರಿಗೆ ಬುದ್ಧಿವಾದದ ಗ್ರಂಥ

೧೭೬೧ರಲ್ಲಿ ಲೋಸಾನಿನಲ್ಲಿ ಅವರ ಮುಖ್ಯವಾದ ಗ್ರಂಥವು ಅಚ್ಚಾಯಿತು. ಜನರಿಗೆ ತಮ್ಮ ಆರೋಗ್ಯದ ವಿಷಯವಾಗಿ ಬುದ್ಧಿವಾದ ಎಂಬದು ಅದರ ಹೆಸರಿನ ಅರ್ಥ. ಹಳ್ಳಿಗಳಲ್ಲಿ ಜನಸಂಖ್ಯೆಯು ಕುಂದುತ್ತಿದೆಯೆಂಬ ಚಿಂತೆಯಿಂದ ಅವರು ಅದನ್ನು ಆರಂಭಿಸಿದರು. ಯೌವನಸ್ಥರು ಪರದೇಶದ ಅರಸರ ದಂಡುಗಳಿಗೆ ಸೇರಿಹೋಗುವರು, ಕೆಲವರು ಪಟ್ಟಣಗಳ ಸೇವೆಗೆ ಹೋಗುವರು. ಇದ್ದವರಲ್ಲಿಯೂ ಅನೇಕರು ರೋಗದಿಂದಲ್ಲ, ರೋಗಕ್ಕೆ ಮಾಡುವ ತಪ್ಪು ಆರೈಕೆಯಿಂದ ಸಾಯುವರು. ಮೊದಲಿನ ಕಾರಣಗಳನ್ನು ನೀಗಿಸುವದು ವೈದ್ಯನ ಕೈಯಲ್ಲಿಲ್ಲ; ಕಡೆಯದನ್ನಾದರೋ ನೀಗಿಸಬಹುದೆಂದು ಅವರು ಎಣಿಸಿದರು.

ಗ್ರಂಥದ ಆರಂಭದಲ್ಲಿ ಒಕ್ಕಲಿಗರ ರೋಗಗಳಿಗೆ ಕಾರಣಗಳೇನೆಂದು ಅವರು ಒಂದೊಂದಾಗಿ ತೋರಿಸುತ್ತಾರೆ. ಶಕ್ತಿಮೀರಿ ದುಡಿಯುವದು, ಬೆವತ ಮೈಯಲ್ಲಿ ಒದ್ದೆ ಬಟ್ಟೆಯಲ್ಲಿಯೇ ಇರುವದು, ಕೆಟ್ಟ ಧಾನ್ಯದ ರೊಟ್ಟಿಯನ್ನು ತಿನ್ನುವದು, ಕುಡಿಕತನ, ತಗ್ಗಾದ ತೇವದ ಮನೆಗಳಲ್ಲಿ ವಾಸಿಸುವದು ಮೊದಲಾದವುಗಳನ್ನು ಹೇಳಿ, ಮನೆಯ ಕಿಟಕಿಯ ಕೆಳಗೇ ಗೊಬ್ಬರದ ತಿಪ್ಪೆಯನ್ನು ಹಾಕಿಕೊಳ್ಳುವ ವಾಡಿಕೆಯನ್ನೂ ಖಂಡಿಸುತ್ತಾರೆ. ತಿಪ್ಪೆಯ ದುರ್ವಾಸನೆಯೇ ರೋಗವನ್ನು ಹುಟ್ಟಿಸುವದೆಂದು ಆಗಿನ ಪಂಡಿತರು ನಂಬಿದ್ದರು. ರೋಗವನ್ನು ಹರಡುವದು ವಾಸನೆಯಲ್ಲ, ತಿಪ್ಪೆಯಲ್ಲಿ ಹುಟ್ಟಿ ಅನ್ನದ ಮೇಲೆ ಕೂಡುವ ನೊಣವೂ ಬಾವಿಗೆ ಇಳಿಯುವ ಹೊಲಸೂ ಅವುಗಳಲ್ಲಿರುವ ಕಣ್ಣಿಗೆ ಕಾಣದ ಕ್ರಿಮಿಗಳೂ ಎಂಬದು ನಮಗೆ ಈಗ ಗೊತ್ತಿದೆ. ಕಾರಣವನ್ನು ಅವರು ಸರಿಯಾಗಿ ಅರಿತಿರದಿದ್ದರೂ, ತಿಪ್ಪೆಯನ್ನು ಮನೆಯಿಂದ ದೂರವಿಡಬೇಕೆಂಬ ಅವರ ಬುದ್ಧಿವಾದವು ಸರಿಯಾದದ್ದೇ.

ಆಮೇಲೆ ರೋಗವನ್ನು ಹೆಚ್ಚಿಸುವ ಆರೈಕೆಯನ್ನು ಕುರಿತು ಬರೆದಿದ್ದಾರೆ. ಇದೇ ಆ ಗ್ರಂಥದ ಜೀವವೆಂದು ಹೇಳಬಹುದು. ಜ್ವರವುಳ್ಳವನನ್ನು ಕಾವಿನ ಕೋಣೆಯಲ್ಲಿ ಮುಚ್ಚಬಾರದು. ದಿನಕ್ಕೆ ಕೆಲವು ಸಾರಿಯಾದರೂ ಕಿಟಕಿಯನ್ನು ತೆರೆದು ಗಾಳಿಯನ್ನು ಬಿಡಬೇಕು. ಭಾರವಾದ ಹೊದಿಕೆಗಳನ್ನು ಹೇರಬಾರದು. ಬಲ ಬರಲೆಂದು ಮಾಂಸದ ಸಾರನ್ನೂ ದ್ರಾಕ್ಷಾರಸವನ್ನೂ ಸಾರಾಯಿಯನ್ನೂ ಕುಡಿಸಬಾರದು. ರೋಗದ ಮೊದಲನೆಯ ದಿನವೇ ವಾಂತಿಯ ಮದ್ದನ್ನೂ ಭೇದಿಯ ಮದ್ದನ್ನೂ ಕೊಡಬಾರದು. ರೋಗಿಯು ಕೆಲಸವನ್ನು ಬಿಟ್ಟು ಮಲಗಬೇಕು. ಹಗುರವಾದ ಆಹಾರವನ್ನು ತೆಗೆದುಕೊಳ್ಳಬೇಕು. ಮುಖ್ಯವಾಗಿ ಬಹಳ ಕುಡಿಯಬೇಕು. ಕುಡಿಯುವದಕ್ಕೆ ಏನು ಎಂಬದನ್ನೂ ಬಡವನ ಮನೆಯಲ್ಲಿ ಸಿಕ್ಕುವ ವಸ್ತುಗಳಿಂದಲೇ ಹೇಳಿದ್ದಾರೆ: ಬಾರ್ಲಿಯ ಗಂಜಿತಿಳಿ, ಹಾಲು ಒಡೆದಾಗ ಉಳಿಯುವ ತಿಳಿನೀರು, ಜೇನನ್ನೂ ಸ್ವಲ್ಪ ಹುಳಿರಸವನ್ನೂ ಬೆರೆಸಿದ ನೀರು. ದೂರದ ದೇಶಗಳಿಂದ ತರಿಸಿದ ಬೆಲೆಯುಳ್ಳ ಮದ್ದುಗಳನ್ನು ಅವರು ಆದಷ್ಟು ಕಡಿಮೆಮಾಡಿದರು. ಆದರೆ ಬೇಕಾದ ಕಡೆಯಲ್ಲಿ ಅವುಗಳನ್ನು ಬಿಡಲೂ ಇಲ್ಲ. ಬಿಟ್ಟುಬಿಟ್ಟು ಬರುವ ಚಳಿಜ್ವರಕ್ಕೆ ಸಿಂಕೋನಾ ಮರದ ತೊಗಟೆಯನ್ನು ಕೊಡಬೇಕೆಂದು ಒತ್ತಿ ಹೇಳಿದರು. ಅದೇ ತೊಗಟೆಯಿಂದ ಮುಂದೆ ೧೮೨೦ರಲ್ಲಿ ಕ್ವಿನೈನ್ ಎಂಬ ಮದ್ದು ತೆಗೆಯಲ್ಪಟ್ಟಿತು.

ಇದಾದ ಮೇಲೆ ಎದೆಯ ಉರಿಯೂತ, ಗಂಟಲು ನೋವು, ದಡಾರ, ಸಿಡುಬು, ಆಮಶಂಕೆ, ಹುಚ್ಚುನಾಯಿಯ ಕಡಿತ, ಬಿಸಿಲಿನ ಹೊಡೆತ, ಬಸುರಿ ಬಾಣಂತಿಯರ ಆರೈಕೆ, ಮಕ್ಕಳ ರೋಗಗಳು, ನೀರಿನಲ್ಲಿ ಮುಳುಗಿದವರ ರಕ್ಷಣೆ, ಗಂಟಲಲ್ಲಿ ಸಿಕ್ಕಿಕೊಂಡ ವಸ್ತುಗಳನ್ನು ತೆಗೆಯುವದು ಮೊದಲಾದ ಒಂದೊಂದಕ್ಕೂ ಒಂದೊಂದು ಅಧ್ಯಾಯವಿದೆ. ಸಂತೆಗಳಲ್ಲಿ ಅಟ್ಟಣೆ ಕಟ್ಟಿ ಸರ್ವರೋಗದ ಮದ್ದೆಂದು ಕೂಗಿ ಮಾರುವ ಮೋಸಗಾರರನ್ನೂ, ರೋಗಿಯನ್ನು ನೋಡದೆ ಅವನ ಮೂತ್ರವನ್ನು ಸೀಸೆಯಲ್ಲಿ ತರಿಸಿ ನೋಡಿ ರೋಗವನ್ನು ಹೇಳುವ ಹಳ್ಳಿಯ ನಾಟಿಮದ್ದಿನವರನ್ನೂ ಕುರಿತು ಒಂದು ಕಠಿಣವಾದ ಅಧ್ಯಾಯವನ್ನು ಬರೆದಿದ್ದಾರೆ. ಸಂತೆಯ ಮೋಸಗಾರನು ಬಂದ ದಾರಿಯಲ್ಲಿ ಹೋಗಿಬಿಡುವನು. ಊರಿನ ಮದ್ದಿನವನಾದರೋ ವರುಷವೆಲ್ಲಾ ಅಲ್ಲಿಯೇ ಇರುವನಾದ್ದರಿಂದ ಅವನಿಂದಾಗುವ ಹಾನಿಯು ಹೆಚ್ಚೆಂಬದು ಅವರ ವಾದ.

ಪುಸ್ತಕವು ಯಾರ ಕೈಗೆ?

ಇಲ್ಲಿ ಒಂದು ಸಂಗತಿಯನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಹೊಲದಲ್ಲಿ ದುಡಿಯುವವನು ತನ್ನ ಪುಸ್ತಕವನ್ನು ಕೊಂಡುಕೊಂಡು ಓದುವನೆಂದು ತಿಸ್ಸೋರವರು ಭ್ರಮಿಸಲಿಲ್ಲ. ಅನೇಕರಿಗೆ ಓದು ಬಾರದು. ಬಂದವನಿಗೂ ಬಿಡುವಿಲ್ಲ, ಹಣವಿಲ್ಲ. ಆದಕಾರಣ ಹಳ್ಳಿಯವರ ಸಮೀಪದಲ್ಲಿದ್ದು ಓದಬಲ್ಲವರಾದವರ ಕೈಯಲ್ಲಿ ಅವರು ಪುಸ್ತಕವನ್ನು ಇಟ್ಟರು. ಸಭಾಪಾಲಕರು ಮೊದಲನೆಯವರು, ಅವರ ಸಂಗಡ ಭೂಮಿಯ ಒಡೆಯರು, ಶಾಲೆಯ ಉಪಾಧ್ಯಾಯರು, ಗಾಯಗಳಿಗೆ ಕಟ್ಟುಕಟ್ಟುವ ಶಸ್ತ್ರವೈದ್ಯರು, ಸೂಲಗಿತ್ತಿಯರು, ಅನುಕೂಲಸ್ಥರಾದ ಒಕ್ಕಲಿಗರು. ಇವರು ಓದಿ ತಿಳಿದುಕೊಂಡು, ರೋಗಿಯ ಮನೆಗೆ ಹೋಗಿ, ಹೀಗೆ ಮಾಡಿರಿ, ಹೀಗೆ ಮಾಡಬೇಡಿರಿ ಎಂದು ಬಾಯಿಮಾತಿನಲ್ಲಿ ಹೇಳಬೇಕು. ವಿದ್ಯಾಪೀಠಕ್ಕೂ ಗುಡಿಸಲಿಗೂ ನಡುವೆ ಒಂದು ಸೇತುವೆ ಬೇಕು. ಆ ಸೇತುವೆಯು ಪುಸ್ತಕವಲ್ಲ, ಪುಸ್ತಕವನ್ನು ಓದಿದ ಮನುಷ್ಯನು. ಇದನ್ನು ಅವರಷ್ಟು ಸ್ಪಷ್ಟವಾಗಿ ಕಂಡ ವೈದ್ಯರು ಆ ಕಾಲದಲ್ಲಿ ವಿರಳ.

ಇಂಥ ಸಹಾಯಕರು ತಮ್ಮ ಮೇರೆಯನ್ನು ಮೀರಬಾರದೆಂಬ ಎಚ್ಚರಿಕೆಯೂ ಅವರಿಗಿತ್ತು. ವೈದ್ಯನು ಸಿಕ್ಕುವ ಕಡೆಯಲ್ಲಿ ವೈದ್ಯನನ್ನೇ ಕರೆಯಬೇಕು. ರೋಗವು ಇಂಥದೆಂದು ತಿಳಿಯದಿದ್ದರೆ ಬಲವಾದ ಮದ್ದನ್ನು ಕೊಡದೆ ಬರೀ ಪಾನಗಳಿಂದಲೇ ಆರೈಕೆಮಾಡಬೇಕು. ದೂರದಲ್ಲಿರುವ ವೈದ್ಯನಿಗೆ ಹೇಳಿಕಳುಹಿಸುವಾಗ ಏನೇನು ತಿಳಿಸಬೇಕೆಂಬ ಪ್ರಶ್ನೆಗಳ ಒಂದು ಪಟ್ಟಿಯನ್ನೇ ಗ್ರಂಥದಲ್ಲಿ ಸೇರಿಸಿದರು. ರೋಗಿಯ ವಯಸ್ಸೇನು? ಮೊದಲು ಅವನ ಸೌಖ್ಯ ಹೇಗಿತ್ತು? ಎಷ್ಟು ದಿನದಿಂದ ರೋಗ, ಅದು ಹೇಗೆ ಆರಂಭವಾಯಿತು? ಜ್ವರವಿದೆಯೋ? ನೋವು ಎಲ್ಲಿ? ಬಾಯಾರಿಕೆ, ನಿದ್ರೆ, ಮಲಮೂತ್ರಗಳು ಹೇಗಿವೆ? ಸ್ತ್ರೀಯಾದರೆ ಬಸುರಿಯೋ? ಇದುವರೆಗೆ ಯಾವ ಮದ್ದನ್ನು ಕೊಟ್ಟಿದ್ದೀರಿ? ನಮ್ಮ ದಿನಗಳಲ್ಲಿಯೂ ಆಸ್ಪತ್ರೆಗೆ ಹೋಗುವ ಹಳ್ಳಿಯವರು ಈ ಪ್ರಶ್ನೆಗಳಿಗೆ ಉತ್ತರಗಳನ್ನು ಮನೆಯಲ್ಲಿಯೇ ಯೋಚಿಸಿಕೊಂಡು ಹೋದರೆ ವೈದ್ಯರ ಕೆಲಸವು ಎಷ್ಟೋ ಸುಲಭವಾಗುವದು.

ಪುಸ್ತಕದ ಪ್ರಯಾಣ

ಆ ಗ್ರಂಥವು ಹರಡಿದ ವೇಗವನ್ನು ಸ್ವತಃ ಗ್ರಂಥಕರ್ತರೂ ಎಣಿಸಿರಲಾರರು. ಜೂರಿಕ್ ಪಟ್ಟಣದ ವೈದ್ಯರಾದ ಹಿರ್ಜೆಲ್ ಎಂಬವರು ಅದನ್ನು ಒಡನೆ ಜರ್ಮನ್ ಭಾಷೆಗೆ ತಂದರು. ೧೭೬೫ರಲ್ಲಿ ಇಂಗ್ಲಿಷಿನಲ್ಲಿ ಬಂತು. ಡಚ್, ಇಟಾಲಿಯನ್, ಸ್ಪ್ಯಾನಿಷ್, ಸ್ವೀಡಿಷ್ ಮೊದಲಾದ ಅನೇಕ ಭಾಷೆಗಳಲ್ಲಿಯೂ ಅದು ಅಚ್ಚಾಯಿತು. ಮೆಥೊಡಿಸ್ಟ್ ಸಭೆಗಳ ಮೂಲಪುರುಷರಾದ ಜಾನ್ ವೆಸ್ಲಿಯವರು ೧೭೬೯ರಲ್ಲಿ ಅದರ ಸಾರವನ್ನು ಸಂಗ್ರಹಿಸಿ ತಮ್ಮ ಜನರಿಗಾಗಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ವೆಸ್ಲಿಯವರು ಅದಕ್ಕೆ ಮೊದಲೇ ೧೭೪೭ರಲ್ಲಿ ಬಡವರಿಗೆ ಸುಲಭ ಮದ್ದುಗಳನ್ನು ಕುರಿತು ತಾವೇ ಒಂದು ಪುಸ್ತಕವನ್ನು ಬರೆದಿದ್ದರು. ತಿಸ್ಸೋರವರು ರೋಗಿಗಳಿಂದ ರಕ್ತವನ್ನು ತೆಗೆಯಿಸುವದಕ್ಕೆ ತೋರಿಸುವ ಆಸಕ್ತಿಯನ್ನು ಮಾತ್ರ ವೆಸ್ಲಿಯವರು ಒಪ್ಪಲಿಲ್ಲ. ಈ ವಿಷಯದಲ್ಲಿ ವೈದ್ಯರಿಗಿಂತ ಬೋಧಕರೇ ಸರಿಯಾಗಿದ್ದರೆಂದು ಮುಂದಿನ ಕಾಲದ ವೈದ್ಯಶಾಸ್ತ್ರವು ತೋರಿಸಿತು.

೧೭೬೬ರಲ್ಲಿ ಲೋಸಾನಿನ ವಿದ್ಯಾಪೀಠದಲ್ಲಿ ತಿಸ್ಸೋರವರು ವೈದ್ಯಶಾಸ್ತ್ರದ ಪ್ರೊಫೆಸರರಾಗಿ ನೇಮಕವಾದರು. ಆ ವಿದ್ಯಾಪೀಠವು ೧೫೩೭ರಲ್ಲಿ ಸಭಾಪಾಲಕರನ್ನು ತಯಾರುಮಾಡುವದಕ್ಕೋಸ್ಕರ ಸ್ಥಾಪಿಸಲ್ಪಟ್ಟದ್ದು. ೧೮೯೦ರಲ್ಲಿ ಅದು ವಿಶ್ವವಿದ್ಯಾಲಯವಾಯಿತು. ಅಲ್ಲಿ ಅವರು ಮಾಡಿದ ಮೊದಲನೆಯ ಉಪನ್ಯಾಸವು ಓದುಬರಹದಲ್ಲಿ ತೊಡಗಿದವರ ಆರೋಗ್ಯವನ್ನು ಕುರಿತದ್ದು. ಬಗ್ಗಿ ಕುಳಿತು ಹಗಲಿರುಳು ಓದುವವನು, ಮುಚ್ಚಿದ ಕೋಣೆಯಲ್ಲಿ ದೀಪದ ಮುಂದೆ ನಿದ್ರೆಗೆಡುವವನು, ನಡೆದಾಡದೆ ಉಣ್ಣುವವನು ತನ್ನ ಬುದ್ಧಿಯನ್ನು ಬೆಳೆಸಿಕೊಳ್ಳುತ್ತಾ ಶರೀರವನ್ನು ಕೆಡಿಸಿಕೊಳ್ಳುವನೆಂದು ಅವರು ತೋರಿಸಿದರು. ಲತೀನಿನಲ್ಲಿ ಮಾಡಿದ ಈ ಉಪನ್ಯಾಸವನ್ನೂ ಅವರು ೧೭೬೮ರಲ್ಲಿ ಫ್ರೆಂಚ್ ಭಾಷೆಯಲ್ಲಿ ಹೊರಡಿಸಿದರು. ೧೭೭೦ರಲ್ಲಿ ಸುಖಜೀವಿಗಳಾದ ಐಶ್ವರ್ಯವಂತರ ರೋಗಗಳನ್ನು ಕುರಿತು ಮತ್ತೊಂದು ಪುಸ್ತಕವನ್ನು ಬರೆದರು. ಹೀಗೆ ಒಕ್ಕಲಿಗನಿಗೂ ವಿದ್ಯಾರ್ಥಿಗೂ ಶ್ರೀಮಂತನಿಗೂ ಅವರವರ ಜೀವನಕ್ಕೆ ತಕ್ಕ ಬುದ್ಧಿವಾದವು ಒಂದೇ ಕೈಯಿಂದ ದೊರಕಿತು.

ಅವರ ಕೀರ್ತಿಯು ಹೆಚ್ಚಿದ ಹಾಗೆ ಅರಸರ ಕರೆಗಳೂ ಬಂದವು. ಪೋಲೆಂಡಿನ ಅರಸನು ತನ್ನ ಆಸ್ಥಾನ ವೈದ್ಯರಾಗಬೇಕೆಂದು ಕರೆದನು, ಅವರು ಹೋಗಲಿಲ್ಲ. ಹಾನೋವರಿನಿಂದ ಬಂದ ಕರೆಯನ್ನೂ ಒಪ್ಪಲಿಲ್ಲ. ಆ ಸ್ಥಾನಕ್ಕೆ ಅವರ ಸ್ನೇಹಿತರಾದ ಜಿಮ್ಮರ್ಮನ್ ಎಂಬ ವೈದ್ಯರು ಹೋದರು. ತಿಸ್ಸೋರವರು ಲೋಸಾನಿನಲ್ಲಿಯೇ ಉಳಿದರು. ಅರಸುಮಕ್ಕಳೂ ಪ್ರಭುಗಳೂ ಅವರನ್ನು ಹುಡುಕಿಕೊಂಡು ಅಲ್ಲಿಗೇ ಬಂದರು. ಬರಲಾರದವರು ಪತ್ರಗಳನ್ನು ಬರೆದರು. ರೋಗಿಗಳು ಅವರಿಗೆ ಬರೆದ ಸಾವಿರಕ್ಕಿಂತ ಹೆಚ್ಚು ಪತ್ರಗಳು ಈಗಲೂ ಲೋಸಾನಿನ ಪುಸ್ತಕಾಲಯದಲ್ಲಿ ಇಡಲ್ಪಟ್ಟಿವೆ. ೧೭೮೭ರಲ್ಲಿ ಕಾರ್ಸಿಕಾ ದ್ವೀಪದಿಂದ ಹದಿನೇಳು ವರುಷದ ಒಬ್ಬ ಫಿರಂಗಿದಳದ ಅಧಿಕಾರಿಯು ತನ್ನ ಮನೆಯ ಹಿರಿಯರೊಬ್ಬರ ಕೀಲುವಾಯುವಿಗೆ ಮದ್ದು ಕೇಳಿ ಬರೆದನು. ತಿಸ್ಸೋರವರು ಆ ಪತ್ರಕ್ಕೆ ಉತ್ತರ ಕೊಟ್ಟಂತೆ ತೋರುವದಿಲ್ಲ. ಆ ಹುಡುಗನೇ ಮುಂದೆ ಯುರೋಪನ್ನು ನಡುಗಿಸಿದ ನೆಪೋಲಿಯನ್.

೧೭೮೧ರಲ್ಲಿ ಮಾತ್ರ ಅವರು ಒಂದು ಕರೆಯನ್ನು ಒಪ್ಪಿಕೊಂಡು ಇಟಲಿ ದೇಶದ ಪಾವಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಚಕ್ರವರ್ತಿಯಾದ ಎರಡನೆಯ ಜೋಸೆಫನ ಆಳಿಕೆಗೆ ಸೇರಿದ್ದ ಆ ವಿದ್ಯಾಲಯದಲ್ಲಿ ರೋಗಿಗಳ ಹಾಸಿಗೆಯ ಬಳಿಯಲ್ಲಿ ವಿದ್ಯಾರ್ಥಿಗಳಿಗೆ ವೈದ್ಯವಿದ್ಯೆಯನ್ನು ಕಲಿಸುವದು ಅವರ ಕೆಲಸವಾಗಿತ್ತು. ಎರಡು ವರುಷಗಳಾದ ಮೇಲೆ, ೧೭೮೩ರಲ್ಲಿ, ಅವರು ತಮ್ಮ ಪಟ್ಟಣಕ್ಕೆ ಹಿಂದಿರುಗಿದರು. ವೈದ್ಯವಿದ್ಯಾಭ್ಯಾಸವನ್ನು ಉತ್ತಮಪಡಿಸುವ ವಿಷಯವಾಗಿ ೧೭೮೫ರಲ್ಲಿ ಒಂದು ಪುಸ್ತಕವನ್ನು ಬರೆದರು. ೧೭೯೭ನೇ ಇಸವಿಯ ಜೂನ್ ತಿಂಗಳಲ್ಲಿ, ಅರುವತ್ತೊಂಭತ್ತನೆಯ ವಯಸ್ಸಿನಲ್ಲಿ, ಲೋಸಾನಿನಲ್ಲಿಯೇ ತೀರಿಹೋದರು.

ಅವರ ತಪ್ಪುಗಳು

ಒಬ್ಬ ಮನುಷ್ಯನ ಚರಿತ್ರೆಯನ್ನು ಬರೆಯುವವರು ಅವನ ತಪ್ಪುಗಳನ್ನು ಮುಚ್ಚಬಾರದು. ತಿಸ್ಸೋರವರು ಜ್ವರಗಳಲ್ಲಿ ರಕ್ತವನ್ನು ತೆಗೆಯಿಸಬೇಕೆಂದು ಕಲಿಸಿದರು. ಅದರಿಂದ ಅನೇಕ ರೋಗಿಗಳು ಬಲಗುಂದಿರಬೇಕು. ಯೌವನಸ್ಥರ ಒಂದು ಗುಪ್ತ ಅಭ್ಯಾಸವನ್ನು ಕುರಿತು ೧೭೬೦ರಲ್ಲಿ ಬರೆದ ಪುಸ್ತಕದಲ್ಲಿ, ಅದರಿಂದ ಕುರುಡುತನವೂ ಹುಚ್ಚೂ ಮರಣವೂ ಬರುವವೆಂಬಂತೆ ಹೆದರಿಸಿದರು. ಅದು ಸರಿಯಲ್ಲವೆಂದು ವೈದ್ಯರು ಮುಂದೆ ಕಂಡುಕೊಂಡರು. ಆದರೆ ಅಷ್ಟರೊಳಗೆ ನೂರಕ್ಕಿಂತ ಹೆಚ್ಚು ವರುಷಗಳ ಕಾಲ ಎಷ್ಟೋ ಎಳೆಯ ಮನಸ್ಸುಗಳು ಅಕಾರಣವಾದ ಭಯದಿಂದ ನರಳಿದವು. ಜನರು ಯಾರನ್ನು ಬಹಳವಾಗಿ ನಂಬುತ್ತಾರೋ ಅವರ ತಪ್ಪು ಮಾತು ಬಹುದೂರಕ್ಕೆ ಹೋಗುತ್ತದೆ. ಆದಕಾರಣ ಜನರಿಗೆ ಆರೋಗ್ಯದ ಬುದ್ಧಿಯನ್ನು ಹೇಳುವವರು, ಪಂಡಿತರಾಗಲಿ ನಮ್ಮಂಥವರಾಗಲಿ, ಪರೀಕ್ಷಿಸಿ ತಿಳಿದದ್ದನ್ನು ಮಾತ್ರ ಹೇಳಬೇಕು. ಹೊಸ ಬೆಳಕು ಬಂದಾಗ ಹಳೆಯ ಮಾತನ್ನು ತಿದ್ದಿಕೊಳ್ಳಬೇಕು. ಸಿಡುಬಿನ ವಿಷಯದಲ್ಲಿ ಹಾಗೆಯೇ ಆಯಿತು. ೧೭೯೬ರಲ್ಲಿ ಜೆನ್ನರ್ ಎಂಬ ಇಂಗ್ಲೆಂಡಿನ ವೈದ್ಯರು ಗೋಸಿಡುಬಿನ ಉಪಾಯವನ್ನು ಪರೀಕ್ಷಿಸಿದರು. ತಿಸ್ಸೋರವರು ಸಮರ್ಥಿಸಿದ ಹಳೆಯ ಉಪಾಯವು ಹಿಂದೆ ಬಿತ್ತು. ೧೯೮೦ರಲ್ಲಿ ಸಿಡುಬು ಭೂಲೋಕದಿಂದಲೇ ಇಲ್ಲವಾಯಿತೆಂದು ಸಾರಲ್ಪಟ್ಟಿತು.

ನಮಗೆ ಇದರಿಂದೇನು?

ರೋಗಿಗೆ ನೀರು ಕೊಡಿರೆಂಬ ತಿಸ್ಸೋರವರ ಮಾತಿಗೆ ನಮ್ಮ ಭರತಖಂಡದಲ್ಲಿಯೇ ಒಂದು ದೊಡ್ಡ ಸಾಕ್ಷಿ ದೊರಕಿತು. ೧೯೭೧ರಲ್ಲಿ ಪೂರ್ವ ಬಂಗಾಳದ ಯುದ್ಧದಿಂದ ಓಡಿಬಂದ ಲಕ್ಷಾಂತರ ಜನರು ಗಡಿಯ ಶಿಬಿರಗಳಲ್ಲಿ ಇಳಿದುಕೊಂಡಾಗ ಕಾಲರಾ ರೋಗವು ಹಬ್ಬಿತು. ಬನಗಾಂವ್ ಎಂಬಲ್ಲಿ ದಿಲೀಪ್ ಮಹಲನಬೀಸ್ ಎಂಬ ವೈದ್ಯರು, ರಕ್ತನಾಳದಲ್ಲಿ ಹಾಕುವ ದ್ರವವು ಮುಗಿಯುತ್ತಾ ಬಂದದ್ದರಿಂದ, ಉಪ್ಪು, ಅಡಿಗೆಸೋಡ, ಗ್ಲೂ‌ಕೋಸ್ ಸಕ್ಕರೆ ಇವುಗಳನ್ನು ಲೆಕ್ಕಕ್ಕೆ ಸರಿಯಾಗಿ ನೀರಿನಲ್ಲಿ ಕರಗಿಸಿ ರೋಗಿಗಳಿಗೆ ಕುಡಿಸುವ ಏರ್ಪಾಡು ಮಾಡಿದರು. ಕುಡಿಸಿದವರು ಹೆಚ್ಚಾಗಿ ರೋಗಿಗಳ ತಾಯಂದಿರೂ ಬಂಧುಗಳೂ. ನೂರಕ್ಕೆ ಮೂವತ್ತರಷ್ಟಿದ್ದ ಮರಣವು ನಾಲ್ಕಕ್ಕಿಂತ ಕಡಿಮೆಯಾಯಿತು. ವಿದ್ಯಾಲಯದ ಪರೀಕ್ಷೆಗಳಲ್ಲಿ ಕಂಡುಹಿಡಿದದ್ದು ತಾಯಿಯ ಕೈಯ ಬಟ್ಟಲಿಗೆ ಬಂದಾಗ ಲೆಕ್ಕವಿಲ್ಲದ ಪ್ರಾಣಗಳು ಉಳಿದವು. ಈಗ ಅದೇ ಪುಡಿಯ ಪೊಟ್ಟಣವು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ಆಶಾ ಕಾರ್ಯಕರ್ತೆಯರ ಬಳಿಯಲ್ಲಿಯೂ ದೊರೆಯುತ್ತದೆ.

ಇದನ್ನು ಬರೆಯುವಾಗ ನಮ್ಮ ಮನಸ್ಸು ನಮ್ಮನ್ನು ಚುಚ್ಚುತ್ತದೆ. ನಾವು ಉಪದೇಶಿಯ ಕೆಲಸಕ್ಕೆ ಬಂದ ಹೊಸದರಲ್ಲಿ ಒಂದು ಹಳ್ಳಿಯ ಮನೆಯಿಂದ ಕರೆ ಬಂತು. ಎರಡು ವರುಷದ ಒಂದು ಮಗುವಿಗೆ ವಾಂತಿಭೇದಿಯಾಗಿತ್ತು. ನೀರು ಕೊಟ್ಟರೆ ಭೇದಿ ಹೆಚ್ಚುವದೆಂದು ಅಜ್ಜಿಯು ಹಿಂದಿನ ದಿನದಿಂದ ನೀರನ್ನು ನಿಲ್ಲಿಸಿದ್ದಳು. ಮಗುವಿನ ಕಣ್ಣುಗಳು ಗುಳಿಬಿದ್ದಿದ್ದವು, ನಾಲಿಗೆ ಒಣಗಿತ್ತು. ಅಳುತ್ತಿದ್ದರೂ ಕಣ್ಣೀರು ಬರುತ್ತಿರಲಿಲ್ಲ. ನಾವು ಪ್ರಾರ್ಥನೆ ಮಾಡಿ, ತಾಯಿಗೆ ಸಮಾಧಾನದ ಮಾತುಗಳನ್ನು ಹೇಳಿ ಹಿಂದಿರುಗಿದೆವು. ಮರುದಿನ ಸಾಯಂಕಾಲ ಆ ಮಗುವನ್ನು ಮಣ್ಣಿಗೆ ಕೊಡುವದಕ್ಕೆ ನಾವೇ ಹೋಗಬೇಕಾಯಿತು. ನಮಗೆ ಗೊತ್ತಿರಲಿಲ್ಲವೆಂದು ಹೇಳಿ ತಪ್ಪಿಸಿಕೊಳ್ಳಲಾರೆವು. ಭೇದಿಯಾದ ಮಗುವಿಗೆ ಏನು ಮಾಡಬೇಕೆಂದು ಚಿತ್ರಸಮೇತವಾಗಿ ಅಚ್ಚುಮಾಡಿ ಹಂಚಿದ ಕಾಗದವು ನಮ್ಮ ಪೆಟ್ಟಿಗೆಯಲ್ಲಿಯೇ ಇತ್ತು. ನಾವು ಅದನ್ನು ಓದಿರಲಿಲ್ಲ. ತಿಸ್ಸೋರವರು ಹುಡುಕಿದ ಸೇತುವೆಯು ಆ ಮನೆಯ ಬಾಗಿಲವರೆಗೂ ಹೋಗಿತ್ತು, ಆದರೆ ಅದರ ಕಡೆಯ ಹಲಗೆಯು ಬಿದ್ದಿತ್ತು. ಆ ಹಲಗೆಯು ನಾವೇ.

ಆದಕಾರಣ ನಮ್ಮ ಸಭೆಗಳಲ್ಲಿ ಓದಬಲ್ಲವರಾದ ಎಲ್ಲರನ್ನೂ ಬೇಡಿಕೊಳ್ಳುತ್ತೇವೆ. ಆರೋಗ್ಯ ಇಲಾಖೆಯವರೂ ವೈದ್ಯವಿದ್ಯಾಲಯದವರೂ ನಮ್ಮ ಭಾಷೆಯಲ್ಲಿ ಅಚ್ಚುಮಾಡಿ ಕೊಡುವ ಕಾಗದಗಳನ್ನು ಮೂಲೆಗೆ ಹಾಕಬೇಡಿರಿ. ಅವುಗಳನ್ನು ಮೊದಲು ನೀವು ಓದಿರಿ. ತರುವಾಯ ಓದು ಬಾರದ ನೆರೆಯವರಿಗೆ, ವಿಶೇಷವಾಗಿ ಅಜ್ಜಿಯರಿಗೂ ಎಳೆಯ ತಾಯಂದಿರಿಗೂ, ಓದಿ ಹೇಳಿರಿ. ಭೇದಿಯಾದ ಮಗುವಿಗೆ ಮೊಲೆಹಾಲನ್ನು ನಿಲ್ಲಿಸಬಾರದು, ಪೊಟ್ಟಣದ ಪುಡಿಯನ್ನು ಅದರ ಮೇಲೆ ಬರೆದಿರುವ ಅಳತೆಯ ಶುದ್ಧ ನೀರಿನಲ್ಲಿ ಕರಗಿಸಿ ಸ್ವಲ್ಪಸ್ವಲ್ಪವಾಗಿ ಕುಡಿಸುತ್ತಾ ಇರಬೇಕು, ಮಗುವು ಕುಡಿಯಲಾರದೆ ಸೋತು ಮಲಗಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು ಎಂಬ ಇಷ್ಟನ್ನಾದರೂ ಪ್ರತಿಯೊಂದು ಮನೆಯವರು ಬಾಯಿಪಾಠವಾಗಿ ಬಲ್ಲವರಾಗಿರಲಿ. ರೋಗಿಯ ಮನೆಗೆ ಹೋದಾಗ ಪ್ರಾರ್ಥಿಸಿರಿ. ಪ್ರಾರ್ಥಿಸಿ ಎದ್ದ ಮೇಲೆ ಕಿಟಕಿಯನ್ನು ತೆರೆಯಿರಿ, ಮಗುವಿಗೆ ನೀರು ಕೊಟ್ಟಿದ್ದೀರೋ ಎಂದು ಕೇಳಿರಿ.

ತಿಸ್ಸೋ ಪಂಡಿತರು ಸತ್ತು ೨೦೦ಕ್ಕಿಂತ ಹೆಚ್ಚು ವರುಷಗಳಾದವು. ಅವರ ಮದ್ದುಗಳಲ್ಲಿ ಅನೇಕವು ಮರೆತುಹೋದವು. ಅವರ ಮತಗಳಲ್ಲಿ ಕೆಲವು ತಪ್ಪೆಂದು ಕಂಡುಬಂದವು. ಆದರೆ ಬಲ್ಲವನು ಅರಿಯದವನಿಗೆ ಸಾಲಗಾರನೆಂದು ಎಣಿಸಿ ಅವರು ಮಾಡಿದ ಪ್ರಯತ್ನವು ಹಳೆಯದಾಗಲಿಲ್ಲ. ಆ ಸಾಲದಲ್ಲಿ ನಮ್ಮ ಪಾಲು ಎಷ್ಟೆಂಬದನ್ನು ಓದುಗರು ತಮ್ಮತಮ್ಮ ಊರಿನಲ್ಲಿ ಯೋಚಿಸಿಕೊಳ್ಳಲಿ.